ನೀರಿಗಿಳಿಯುವಾಗ ಲೆನ್ಸೋ, ಪವರ್ ಗಾಗಲ್ಸೋ? ಕಣ್ಣಿಗೆ ಪವರ್ ಇರುವವರಿಗೆ ಒಂದು ಹೋಲಿಕೆ

"ಈಜೋಕೆ ಯಾವ ಕಂಪನಿ ಕಾಂಟ್ಯಾಕ್ಟ್ ಲೆನ್ಸ್ ಒಳ್ಳೇದು?" ಬೇಸಿಗೆ ರಜೆ ಹತ್ತಿರ ಬಂದ ಹಾಗೆಲ್ಲ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗುತ್ತಾರೆ. ಉತ್ತರ ಚಿಕ್ಕದು: ಯಾವುದೂ ಒಳ್ಳೆಯದಲ್ಲ. ದುಬಾರಿ ಲೆನ್ಸ್ ತಗೊಂಡ್ರೆ ನೀರಿಗೆ ತಡೆಯುತ್ತೆ ಅನ್ನುವುದು ಸುಮ್ನೆ ನಂಬಿಕೆ. ಲೆನ್ಸ್ ಹಾಕಿದ ಕಣ್ಣಿಗೆ ಯಾವ ನೀರೂ ಸೋಕಬಾರದು, ಈಜುವ ಮೊದಲು ತೆಗೆದಿಡಬೇಕು ಅನ್ನುವುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಡುವ ಸಲಹೆ. ಬ್ರಿಟನ್ನಿನಲ್ಲಿ ಅಲ್ಲಿನ ಕಾಂಟ್ಯಾಕ್ಟ್ ಲೆನ್ಸ್ ಸಂಘವು ಲೆನ್ಸ್ ಡಬ್ಬಿಗಳ ಮೇಲೆ ಅಂಟಿಸಲು "ನೀರು ಬೇಡ" ಎಂಬ ಸ್ಟಿಕ್ಕರನ್ನೇ ತಂದಿದೆ.

ಆದರೆ ಮೈನಸ್ ಆರು ಪವರ್ ಇರುವವರಿಗೆ "ಲೆನ್ಸ್ ಬೇಡ" ಅಂದುಬಿಟ್ಟರೆ ಸಾಕಾಗುತ್ತಾ? ಪೂಲಿನ ಅಂಚು ಎಲ್ಲಿದೆ, ಕರೆಯುತ್ತಿರುವವರು ಯಾರು, ಮಗು ಯಾವ ಕಡೆ ಹೋಯಿತು, ಒಂದೂ ಕಾಣುವುದಿಲ್ಲ. ಅದೂ ಅಪಾಯವೇ. ಹಾಗಾಗಿ ಇಲ್ಲಿ ಲೆನ್ಸ್ ಕಂಪನಿಗಳನ್ನು ಹೋಲಿಸುವುದಿಲ್ಲ. ನೀರಿನಲ್ಲಿ ಕಣ್ಣು ಕಾಣುವ ಹಾಗೆ ಮಾಡಿಕೊಳ್ಳಲು ಎಷ್ಟು ದಾರಿಗಳಿವೆ, ಯಾರಿಗೆ ಯಾವುದು ಸರಿ, ಯಾವ ನೀರಿಗೆ ಯಾವುದು ಆಗುತ್ತದೆ ಅನ್ನುವುದಷ್ಟನ್ನೇ ನೋಡೋಣ.

ನೀರು ಮಾಡುವ ತೊಂದರೆ

ಸಾಫ್ಟ್ ಲೆನ್ಸ್ ಪ್ಲಾಸ್ಟಿಕ್ಕೇ ಆದರೂ ಅದರೊಳಗೆ ನೀರಿದೆ. ಶೇಕಡ 38ರಿಂದ ಹಿಡಿದು 70ಕ್ಕೂ ಮೇಲೆ ನೀರಿರುವ ಲೆನ್ಸ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಹೀಗಾಗಿ ಅದು ಸ್ಪಾಂಜಿನ ಹಾಗೆ ಸುತ್ತಲಿನ ನೀರನ್ನೂ ಅದರಲ್ಲಿ ಇರುವುದನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕಣ್ಣೀರಿನಲ್ಲಿ ಸುಮಾರು ಶೇಕಡ 0.9ರಷ್ಟು ಉಪ್ಪಿದೆ. ಲೆನ್ಸ್ ತಯಾರಾಗಿರುವುದೂ ಆ ಉಪ್ಪಿನ ಲೆಕ್ಕಕ್ಕೇ. ನಲ್ಲಿ, ಹೊಳೆ, ಪೂಲಿನ ನೀರಿನಲ್ಲಿ ಉಪ್ಪು ಬಹಳ ಕಡಿಮೆ. ಅಂಥ ನೀರು ತಾಗಿದ ಲೆನ್ಸ್ ಉಬ್ಬಿ, ಆಕಾರ ಕೆಟ್ಟು, ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರಕ್ಕೆ, ಅಂದರೆ ಕಾರ್ನಿಯಾಗೆ, ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಗಲೇ ಚಿವುಟಿ ಎಳೆದರೆ ಕಾರ್ನಿಯಾದ ಮೇಲ್ಪದರ ಕೆರೆದುಹೋಗುತ್ತದೆ. ಸಮುದ್ರದ ನೀರಿನಲ್ಲಿ ಉಪ್ಪು ಶೇಕಡ 3.5ರಷ್ಟು. ಅಲ್ಲಿ ಉಲ್ಟಾ, ಲೆನ್ಸ್ ತನ್ನೊಳಗಿನ ನೀರು ಕಳೆದುಕೊಂಡು ಒಣಗುತ್ತದೆ, ಒಂದು ಅಲೆ ಬಡಿದರೆ ಕಳಚಿಯೂ ಹೋಗಬಹುದು. ದುಡ್ಡು ಹೋಯಿತು ಅನ್ನುವುದು ಬಿಟ್ಟರೆ ಕಳಚಿ ಹೋಗುವುದೇ ವಾಸಿ.

ಕೆರೆದ ಜಾಗದಿಂದ ಒಳಗೆ ಹೋಗುವುದು ಯಾವುದು ಅನ್ನುವುದು ಮುಂದಿನ ಮಾತು. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ನೀರಿರುವ ಕಡೆಯಲ್ಲೆಲ್ಲ ಇರುತ್ತದೆ. ಅದು ಹೊಕ್ಕರೆ ಒಂದೆರಡು ದಿನದಲ್ಲೇ ಕಾರ್ನಿಯಾದಲ್ಲಿ ದೊಡ್ಡ ಹುಣ್ಣು ಮಾಡಬಲ್ಲದು. ಇನ್ನೊಂದು ಅಕಾಂತಮೀಬಾ. ಇದು ಬರಿಗಣ್ಣಿಗೆ ಕಾಣದ ಅಮೀಬಾ. ಮಣ್ಣು, ಕೆರೆ, ಸಮುದ್ರ, ನಲ್ಲಿ ನೀರು, ಎಲ್ಲೆಲ್ಲೂ ಬದುಕುತ್ತದೆ. ಅನುಕೂಲ ಇಲ್ಲದಾಗ ಸುತ್ತ ಗಟ್ಟಿ ಕವಚ ಕಟ್ಟಿಕೊಂಡು ಮಲಗಿಬಿಡುತ್ತದೆ. ಪೂಲಿಗೆ ಹಾಕುವ ಕ್ಲೋರಿನ್ ಆ ಕವಚಕ್ಕೆ ಏನೂ ಮಾಡುವುದಿಲ್ಲ. "ನಮ್ಮ ಪೂಲಲ್ಲಿ ಚೆನ್ನಾಗಿ ಕ್ಲೋರಿನ್ ಹಾಕ್ತಾರೆ" ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅಕಾಂತಮೀಬಾ ಕಾರ್ನಿಯಾಗೆ ಹೊಕ್ಕು ತರುವ ಕಾಯಿಲೆ ಅಪರೂಪ. ಅದನ್ನು ಮುಚ್ಚಿಟ್ಟು ಹೆದರಿಸುವುದು ಸರಿಯಲ್ಲ. ಲೆನ್ಸ್ ಹಾಕಿಕೊಂಡೇ ಈಜಿದ ಬಹಳ ಜನರಿಗೆ ಏನೂ ಆಗಿರುವುದಿಲ್ಲ. ಆದರೆ ಬಂದರೆ ಮಾತ್ರ ಸುಲಭಕ್ಕೆ ಬಿಡುವುದಿಲ್ಲ. ಶುರುವಿನ ದಿನಗಳಲ್ಲಿ ಹಗಲು ರಾತ್ರಿ ಎನ್ನದೆ ಗಂಟೆಗೊಮ್ಮೆ ಡ್ರಾಪ್ಸ್, ಆಮೇಲೆ ತಿಂಗಳುಗಟ್ಟಲೆ ಚಿಕಿತ್ಸೆ, ಕೆಲವರಿಗೆ ಕೊನೆಗೆ ಕಾರ್ನಿಯಾ ಕಸಿ. ನಮ್ಮ ದೇಶದಲ್ಲಿ ಲೆನ್ಸನ್ನೇ ಹಾಕದವರಿಗೂ ಇದು ಬರುತ್ತದೆ. ಹೊಲದಲ್ಲಿ ಕಣ್ಣಿಗೆ ಕಡ್ಡಿ ತಾಗಿ, ಕೆಸರು ನೀರು ಸಿಡಿದು ಬಂದ ಪ್ರಕರಣಗಳು ಇಲ್ಲಿ ಬಹಳ. ಲೆನ್ಸ್ ಹಾಕಿದವರು ಅದೇ ಅಮೀಬಾಗೆ ಗಂಟೆಗಟ್ಟಲೆ ಕಣ್ಣಿನ ಮೇಲೆ ಕೂರಲು ಜಾಗ ಮಾಡಿಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಅಂದಹಾಗೆ, ಕೇರಳದ ಸುದ್ದಿಯಲ್ಲಿ ಬರುವ "ಮೆದುಳು ತಿನ್ನುವ ಅಮೀಬಾ" ನೇಗ್ಲೇರಿಯಾ ಫೌಲೆರಿ ಬೇರೆ ಜಾತಿಯದು. ಅದು ಹೋಗುವುದು ಮೂಗಿನಿಂದ. ಲೆನ್ಸ್ ತೆಗೆದ ಮಾತ್ರಕ್ಕೆ ಅದರಿಂದ ಬಚಾವಾದೆ ಅಂದುಕೊಳ್ಳಬೇಡಿ.

ಪವರ್ ಗಾಗಲ್ಸ್: ನನ್ನ ಮೊದಲ ಓಟು

ವಾರಕ್ಕೆ ಒಂದೆರಡು ಸಲವಾದರೂ ಈಜುವವರಿಗೆ, ಕ್ಲಾಸಿಗೆ ಹೋಗುವ ಮಕ್ಕಳಿಗೆ, ಪವರ್ ಇರುವ ಈಜು ಗಾಗಲ್ಸ್‌ಗಿಂತ ಒಳ್ಳೆಯ ದಾರಿ ಇಲ್ಲ. ಇದು ನಮ್ಮಲ್ಲಿ ಸಿಗುತ್ತದೆ ಅನ್ನುವುದೇ ಬಹಳ ಜನರಿಗೆ ಗೊತ್ತಿಲ್ಲ. ಡೆಕಾಥ್ಲಾನ್‌ನಂಥ ಆಟದ ಸಾಮಾನಿನ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ, ಕೆಲವು ಕನ್ನಡಕದ ಅಂಗಡಿಗಳಲ್ಲೂ ಸಿಗುತ್ತದೆ. ಒಂದು ಸಲ ದುಡ್ಡು ಹಾಕಿದರೆ ಪವರ್ ಬದಲಾಗುವವರೆಗೆ, ಇಲ್ಲವೇ ರಬ್ಬರ್ ಸಡಿಲವಾಗುವವರೆಗೆ ನಡೆಯುತ್ತದೆ.

ರೆಡಿಮೇಡ್ ಗಾಗಲ್ಸ್ ಸಾಮಾನ್ಯವಾಗಿ ಅರ್ಧ ಅರ್ಧ ಪವರಿನ ಅಂತರದಲ್ಲಿ ಬರುತ್ತವೆ: ಮೈನಸ್ 2, ಮೈನಸ್ 2.5, ಮೈನಸ್ 3, ಹೀಗೆ. ಸಿಲಿಂಡರ್ ಪವರ್, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದವರಿಗೆ ಕೊಡುವ ಪವರ್, ಅವುಗಳಲ್ಲಿ ಇರುವುದಿಲ್ಲ. ಅದಕ್ಕೊಂದು ಲೆಕ್ಕ ಇದೆ. ಸಿಲಿಂಡರಿನ ಅರ್ಧವನ್ನು ಮುಖ್ಯ ಪವರಿಗೆ ಸೇರಿಸಿ. ನಿಮ್ಮ ಚೀಟಿಯಲ್ಲಿ ಮೈನಸ್ 4.25, ಸಿಲಿಂಡರ್ ಮೈನಸ್ 1 ಅಂತ ಇದ್ದರೆ ಒಟ್ಟು ಮೈನಸ್ 4.75 ಆಯಿತು. ಅಂಗಡಿಯಲ್ಲಿ 4.5 ಮತ್ತು 5 ಇದ್ದರೆ 4.5 ತಗೊಳ್ಳಿ. ಒಂದು ಕಾಲು ಪವರ್ ಕಡಿಮೆಯಾದರೆ ಪೂಲಿನಲ್ಲಿ ಏನೂ ಕಳೆದುಹೋಗುವುದಿಲ್ಲ, ಜಾಸ್ತಿಯಾದರೆ ಕಣ್ಣು ದಣಿಯುತ್ತದೆ. ಲೆಕ್ಕ ಹಾಕಬೇಕಾದದ್ದು ಕನ್ನಡಕದ ಪವರಿನಿಂದ. ಲೆನ್ಸ್ ಡಬ್ಬಿ ಮೇಲಿನ ಪವರ್ ಬೇರೆ ಇರುತ್ತದೆ. ಲೆನ್ಸ್ ಕಣ್ಣಿಗೇ ಅಂಟಿಕೊಂಡು ಕೂರುವುದರಿಂದ, ಕನ್ನಡಕದಲ್ಲಿ ಮೈನಸ್ 8 ಇದ್ದವರಿಗೆ ಲೆನ್ಸ್‌ನಲ್ಲಿ 7.25ರ ಆಸುಪಾಸು ಸಾಕಾಗುತ್ತದೆ.

ಎರಡು ಕಣ್ಣಿನ ಪವರ್ ಬೇರೆ ಬೇರೆಯೇ? ಎಡ ಬಲ ಬಿಡಿಬಿಡಿಯಾಗಿ ಕೊಂಡು ಜೋಡಿಸಿಕೊಳ್ಳುವ ಮಾದರಿಗಳಿವೆ. ಸಿಲಿಂಡರ್ ಎರಡಕ್ಕಿಂತ ಮೇಲಿದ್ದರೆ ರೆಡಿಮೇಡ್ ಸಾಕಾಗುವುದಿಲ್ಲ, ನೋಟ ಕದಡಿದ ಹಾಗೇ ಇರುತ್ತದೆ. ಅಂಥವರು ಆಪ್ಟಿಷಿಯನ್ ಹತ್ತಿರ ಆರ್ಡರ್ ಕೊಟ್ಟು ಮಾಡಿಸಬೇಕು, ಖರ್ಚು ಏರುತ್ತದೆ. ಪ್ಲಸ್ ಪವರಿನವರಿಗೆ ರೆಡಿಮೇಡ್ ಹುಡುಕುವುದು ಸ್ವಲ್ಪ ಕಷ್ಟ.

ಕೊಳ್ಳುವಾಗ ಬ್ರ್ಯಾಂಡಿಗಿಂತ ಮುಖಕ್ಕೆ ಕೂರುತ್ತದಾ ನೋಡಿ. ಪಟ್ಟಿ ಹಾಕದೆ ಗಾಗಲ್ಸನ್ನು ಕಣ್ಣಿನ ಸುತ್ತ ಒತ್ತಿ ಕೈ ಬಿಡಿ. ಒಂದೆರಡು ಸೆಕೆಂಡಾದರೂ ಅಂಟಿಕೊಂಡು ನಿಂತರೆ ನೀರು ಒಳಗೆ ಬರುವುದಿಲ್ಲ. ತಕ್ಷಣ ಬಿದ್ದರೆ ಬೇರೆ ಮಾದರಿ ನೋಡಿ. ಪಟ್ಟಿ ಬಿಗಿ ಮಾಡಿ ಸರಿಮಾಡಿಕೊಳ್ತೀನಿ ಅಂದರೆ ಆಗದು, ಹಣೆಯಲ್ಲಿ ಬರೆ ಬೀಳುತ್ತದೆ ಅಷ್ಟೇ. ಒಳಗಿನ ಗಾಜನ್ನು ಬೆರಳಿನಿಂದ ಉಜ್ಜಬೇಡಿ, ಮಂಜು ಕಟ್ಟದಿರಲಿ ಅಂತ ಬಳಿದಿರುವ ಪದರ ಹೋಗುತ್ತದೆ.

ಒಂದು ಕೊರತೆ ಇದ್ದೇ ಇದೆ. ಗಾಗಲ್ಸ್ ತೆಗೆದ ಕ್ಷಣ ಮತ್ತೆ ಮಬ್ಬು. ಲಾಕರಿನಿಂದ ಪೂಲಿಗೆ ನಡೆಯುವ ಒದ್ದೆ ನೆಲದಲ್ಲಿ ಕಣ್ಣು ಬೇಕು. ಹಾಗಾಗಿ ಹಳೆಯ ಕನ್ನಡಕವೊಂದನ್ನು ಡಬ್ಬಿಯಲ್ಲಿಟ್ಟು ಪೂಲಿನ ಪಕ್ಕದ ಬೆಂಚಿನ ಮೇಲೆ ಇಡಿ.

ಡೈಲಿ ಲೆನ್ಸ್ ಮೇಲೆ ಗಾಗಲ್ಸ್: ಎರಡನೇ ಸ್ಥಾನ, ಷರತ್ತು ಜಾಸ್ತಿ

ವರ್ಷಕ್ಕೊಮ್ಮೆ ಮಲ್ಪೆಗೋ ಗೋವಾಕ್ಕೋ ಹೋಗುವವರು ಪವರ್ ಗಾಗಲ್ಸ್ ಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಸಿಲಿಂಡರ್ ಜಾಸ್ತಿ ಇರುವವರಿಗೆ ರೆಡಿಮೇಡ್ ಆಗುವುದಿಲ್ಲ. ಇವರಿಗೆ ಉಳಿಯುವ ದಾರಿ, ಒಂದೇ ದಿನ ಹಾಕಿ ಎಸೆಯುವ ಡೈಲಿ ಲೆನ್ಸ್ ಹಾಕಿ, ಅದರ ಮೇಲೆ ಬಿಗಿಯಾದ ಸಾದಾ ಗಾಗಲ್ಸ್. ಗಾಗಲ್ಸ್ ಹಾಕಿ ಈಜಿದವರ ಲೆನ್ಸ್ ಮೇಲೆ ಬ್ಯಾಕ್ಟೀರಿಯಾ ಕಡಿಮೆ ಸಿಕ್ಕಿರುವುದನ್ನು ಪರೀಕ್ಷೆಗಳು ತೋರಿಸಿವೆ. ಹಾಗಂತ ಅಪಾಯ ಪೂರ್ತಿ ಹೋಗುವುದಿಲ್ಲ.

ಈ ದಾರಿ ಹಿಡಿದರೆ ಕ್ರಮ ತಪ್ಪಬಾರದು. ಬಟ್ಟೆ ಬದಲಿಸುವ ಮೊದಲೇ, ಒಣ ಕೈಯಲ್ಲಿ ಲೆನ್ಸ್ ಹಾಕಿ. ಗಾಗಲ್ಸ್ ಕೂಡ ನೀರಿಗಿಳಿಯುವ ಮೊದಲೇ ಹಾಕಿ. ನೀರಿನಲ್ಲಿ ನಿಂತು ಗಾಗಲ್ಸ್ ಎತ್ತಿ ಮಾತಾಡುವುದು, ಒಳಗೆ ಸೇರಿದ ನೀರು ಚೆಲ್ಲಿ ಮತ್ತೆ ಹಾಕುವುದು ಬೇಡ. ನೀರು ಹೊಕ್ಕಿತು ಅಂದರೆ ಆವತ್ತಿನ ಈಜು ಮುಗಿಯಿತು. ಮೇಲೆ ಬಂದು ಸೋಪಿನಲ್ಲಿ ಕೈ ತೊಳೆದು, ಕೈಯನ್ನು ಪೂರ್ತಿ ಒರೆಸಿ ಒಣಗಿಸಿ, ಲೆನ್ಸ್ ತೆಗೆದು ಕಸದ ಬುಟ್ಟಿಗೆ ಹಾಕಿ ಕನ್ನಡಕ ಹಾಕಿಕೊಳ್ಳಿ. ಸ್ನಾನ ಆಮೇಲೆ. ಹೆಚ್ಚಿನವರು ಮಾಡುವುದು ಉಲ್ಟಾ: ಈಜು ಮುಗಿಸಿ, ಲೆನ್ಸ್‌ನಲ್ಲೇ ಶವರ್ ತಗೊಂಡು, ಮನೆಗೆ ಹೋಗಿ ರಾತ್ರಿ ತೆಗೆಯುತ್ತಾರೆ.

ತೆಗೆಯುವಾಗ ಲೆನ್ಸ್ ಅಲ್ಲಾಡದಿದ್ದರೆ ಎಳೆಯಬೇಡಿ. ಸ್ಟೆರೈಲ್ ಸಲೈನ್ (ಸೂಕ್ಷ್ಮಾಣುಗಳಿಲ್ಲದ ಹಾಗೆ ತಯಾರಾಗಿ ಬರುವ ಉಪ್ಪುನೀರು) ಅಥವಾ ಲೆನ್ಸ್ ಮೇಲೆ ಹಾಕಬಹುದಾದ ಕಣ್ಣಿನ ಡ್ರಾಪ್ಸ್ ಬಿಟ್ಟು ಕಣ್ಣು ಮಿಟುಕಿಸುತ್ತ ಕೂರಿ. ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಡೈಲಿ ಲೆನ್ಸನ್ನು ರಾತ್ರಿ ಸೊಲ್ಯೂಷನ್‌ನಲ್ಲಿಟ್ಟು ಮಾರನೇ ದಿನ ಮತ್ತೆ ಹಾಕುವವರು ನಮ್ಮಲ್ಲಿ ಕಮ್ಮಿ ಇಲ್ಲ. ಹಾಗೆ ಮಾಡುವುದಾದರೆ ಡೈಲಿ ಕೊಂಡು ಲಾಭವೇನು? ಅದರ ಬೆಲೆ ಕೊಡುವುದೇ ಎಸೆಯುವುದಕ್ಕೆ.

ತಿಂಗಳ ಲೆನ್ಸ್

ಬೇಡ. ಇಲ್ಲಿ ಜಾಸ್ತಿ ಹೇಳುವುದಿಲ್ಲ. ನೀರಿನಿಂದ ಸೇರಿದ್ದು ಲೆನ್ಸ್‌ನಿಂದ ಕೇಸಿಗೆ, ಕೇಸಿನಿಂದ ಮತ್ತೆ ಕಣ್ಣಿಗೆ ಹೋಗುತ್ತಾ ತಿಂಗಳಿಡೀ ತಿರುಗುತ್ತದೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯ ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಮತ್ತೆ ಬಳಸುವ ಲೆನ್ಸ್ ಹಾಕುವವರಿಗೆ ಅಕಾಂತಮೀಬಾ ಸೋಂಕಿನ ಸಾಧ್ಯತೆ ಡೈಲಿಯವರಿಗಿಂತ ಸುಮಾರು 4 ಪಟ್ಟು ಎಂದು ಕಂಡಿತು. ಈಜದವರಿಗೂ ಆ ಲೆಕ್ಕ ಯೋಚಿಸುವಂಥದ್ದೇ. ಫ್ಯಾಷನ್ನಿಗೆ ಹಾಕುವ ಬಣ್ಣದ ಲೆನ್ಸ್‌ಗೂ ಇದೇ ಮಾತು. ಮದುವೆ ರಿಸೆಪ್ಷನ್ನಿಗೆ ಹಾಕಿದ ಬಣ್ಣದ ಲೆನ್ಸನ್ನು ರೆಸಾರ್ಟ್ ಪೂಲಿನಲ್ಲಿ ಫೋಟೋ ತೆಗೆಸಿಕೊಳ್ಳಲು ಮತ್ತೆ ಹಾಕುವುದು ಇತ್ತೀಚಿನ ಹುಚ್ಚು.

ಗಟ್ಟಿ ಲೆನ್ಸ್, ಸ್ಕ್ಲೀರಲ್ ಲೆನ್ಸ್, ರಾತ್ರಿ ಲೆನ್ಸ್

ಆರ್‌ಜಿಪಿ ಎಂಬ ಗಟ್ಟಿ ಲೆನ್ಸ್ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಚಿಕ್ಕದು, ಸಡಿಲ, ನೀರಿನಲ್ಲಿ ಕಣ್ಣು ಬಿಟ್ಟರೆ ಹೋಯಿತು. ಹಿಂದೆಲ್ಲ ಇದನ್ನು ನಲ್ಲಿ ನೀರಿನಲ್ಲಿ ತೊಳೆಯಿರಿ ಅಂತಲೇ ಹೇಳಿಕೊಡುತ್ತಿದ್ದರು. ಆ ಪಾಠ ಕಲಿತ ಹಳಬರು ಇನ್ನೂ ಹಾಗೇ ಮಾಡುತ್ತಾರೆ. ಈಗ ಆ ಸಲಹೆ ಇಲ್ಲ.

ಕೆರಾಟೋಕೋನಸ್ ಇರುವವರ ಪಾಡು ಬೇರೆ. ಕಾರ್ನಿಯಾ ಮುಂದಕ್ಕೆ ಚೂಪಾಗಿರುವುದರಿಂದ ಕನ್ನಡಕದಲ್ಲಿ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಪವರ್ ಗಾಗಲ್ಸ್‌ನಲ್ಲೂ ಕಾಣುವುದಿಲ್ಲ. ಇವರು ಹಾಕುವ ದೊಡ್ಡ ಸ್ಕ್ಲೀರಲ್ ಲೆನ್ಸ್ ನೀರಿನಲ್ಲಿ ಬೇಗ ಕಳಚುವುದಿಲ್ಲ ನಿಜ. ಆದರೆ ಅದರ ಒಳಗೆ ತುಂಬಿದ ಸಲೈನ್ ದಿನವಿಡೀ ಕಾರ್ನಿಯಾಗೆ ಅಂಟಿಕೊಂಡೇ ಇರುತ್ತದೆ. ಒಳಗೆ ಕೊಳಕು ಸೇರಿದರೆ ಹೊರಗೆ ಬರಲು ದಾರಿ ಇಲ್ಲ. ಲೆನ್ಸ್ ದುಬಾರಿ, ಈಜಿದ ಮೇಲೆ ಎಸೆಯಲೂ ಆಗದು. ಲೆನ್ಸ್ ಇಲ್ಲದೆ, ಜೊತೆಗೊಬ್ಬರನ್ನು ಇಟ್ಟುಕೊಂಡು, ಗೊತ್ತಿರುವ ಪೂಲಿನಲ್ಲಿ ಈಜುವುದೇ ಇವರಿಗೆ ನನಗೆ ತೋಚುವ ದಾರಿ. ಬೇರೆ ಏನಾದರೂ ಮಾಡುವುದಿದ್ದರೆ ನಿಮ್ಮ ಕಾರ್ನಿಯಾ ಡಾಕ್ಟರನ್ನು ಕೇಳಿಯೇ ಮಾಡಿ.

ಮಲಗುವಾಗ ಹಾಕಿ ಬೆಳಗ್ಗೆ ತೆಗೆಯುವ ಆರ್ಥೋ-ಕೆ ಲೆನ್ಸ್ ಈಜುವ ಮಕ್ಕಳ ಅಪ್ಪ ಅಮ್ಮಂದಿರಿಗೆ ಬಹಳ ಇಷ್ಟವಾಗುತ್ತದೆ. ರಾತ್ರಿಯಿಡೀ ಲೆನ್ಸ್ ಕಾರ್ನಿಯಾವನ್ನು ಒತ್ತಿ ಆಕಾರ ತಿದ್ದುತ್ತದೆ, ಹಗಲಿಡೀ ಬರಿಗಣ್ಣಿನಲ್ಲೇ ಕಾಣುತ್ತದೆ. ಪೂಲಿನ ಸಮಸ್ಯೆ ಮುಗಿಯಿತು ಅನ್ನಿಸುತ್ತದೆ. ಆದರೆ ಲೆನ್ಸ್ ಹಾಕಿ ಮಲಗುವುದರಿಂದ ಸೋಂಕಿನ ಅಪಾಯ ತಾನಾಗೇ ಏರುತ್ತದೆ. ಮನೆಯಲ್ಲಿ ಅದನ್ನು ತೊಳೆಯುವವರು ಯಾರು, ಯಾವುದರಲ್ಲಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹತ್ತು ವರ್ಷದ ಮಗುವಿನ ಲೆನ್ಸ್ ಕೆಲಸವನ್ನು ದಿನಾ ರಾತ್ರಿ ನೀವೇ ನಿಂತು ಮಾಡಿಸಲು ತಯಾರಿದ್ದರೆ ಮಾತ್ರ ಯೋಚಿಸಿ.

ಆಪರೇಷನ್

ಪವರ್ ತೆಗೆಸಲು ಲೇಸಿಕ್, ಸ್ಮೈಲ್ ಎಂಬ ಲೇಸರ್ ಆಪರೇಷನ್, ಇಲ್ಲವೇ ಕಣ್ಣೊಳಗೇ ಲೆನ್ಸ್ ಕೂರಿಸುವ ಐಸಿಎಲ್ ಮಾಡಿಸಿಕೊಂಡವರು ನೀರಿಗೆ ಹೆದರಬೇಕಾಗಿಲ್ಲ, ಗಾಯ ಮಾಯುವವರೆಗಿನ ಕೆಲವು ವಾರ ಬಿಟ್ಟರೆ. ಅಷ್ಟು ದಿನ ಪೂಲು, ಹೊಳೆ, ತಲೆಸ್ನಾನ ಎಲ್ಲದಕ್ಕೂ ಡಾಕ್ಟರ್ ಹೇಳಿದ ಲೆಕ್ಕವೇ ಲೆಕ್ಕ. 18 ದಾಟಿರಬೇಕು, ಪವರ್ ನಿಂತಿರಬೇಕು, ಲೇಸರ್ ಆದರೆ ಕಾರ್ನಿಯಾ ಸಾಕಷ್ಟು ದಪ್ಪವೂ ಇರಬೇಕು. ದಿನಾ ಈಜುವವರು, ಡೈವಿಂಗ್ ಕಲಿಯುವವರು ಯೋಚಿಸುವುದರಲ್ಲಿ ಅರ್ಥ ಇದೆ. ವರ್ಷಕ್ಕೆರಡು ಸಲ ರೆಸಾರ್ಟಿಗೆ ಹೋಗುವುದಕ್ಕಾಗಿ ಕಣ್ಣಿಗೆ ಲೇಸರ್ ಹಾಕಿಸುವುದು ನನಗೇನೋ ಅತಿಯಾಯಿತು ಅನ್ನಿಸುತ್ತದೆ.

ಯಾವ ನೀರಿಗೆ ಯಾವುದು

ಪೂಲಿನ ಮಾತು ಆಯಿತು. ವಾಟರ್ ಪಾರ್ಕಿನಲ್ಲಿ ತೊಂದರೆ ಬೇರೆ ಥರ. ಜಾರುಬಂಡಿಯಿಂದ ಬೀಳುವ ರಭಸಕ್ಕೆ ಗಾಗಲ್ಸ್ ಕಿತ್ತುಹೋಗಬಹುದು, ಕೆಲವು ರೈಡ್‌ಗಳಿಗೆ ಕನ್ನಡಕವನ್ನೂ ಬಿಡುವುದಿಲ್ಲ. ಪವರ್ ಮೂರರೊಳಗೆ ಇರುವವರು ಬರಿಗಣ್ಣಿನಲ್ಲೇ ನಿಭಾಯಿಸಬಹುದು. ಅದಕ್ಕಿಂತ ಮೇಲಿದ್ದರೆ ದಾರ ಕಟ್ಟಿದ ಹಳೆ ಕನ್ನಡಕ, ರೈಡ್ ಹತ್ತುವಾಗ ಅದು ಜೊತೆಗಾರರ ಕೈಗೆ.

ದಾಂಡೇಲಿಯ ಕಾಳಿ ನದಿಯಲ್ಲಿ, ದುಬಾರೆಯಲ್ಲಿ ರಾಫ್ಟಿಂಗ್ ಮಾಡುವಾಗಲೂ ದಾರ ಕಟ್ಟಿದ ಕನ್ನಡಕವೇ ಸರಿ. ನದಿ ನೀರಿನಲ್ಲಿ ಮಣ್ಣು, ಎಲೆ, ದನ ತೊಳೆದ ನೀರು ಎಲ್ಲ ಇರುತ್ತದೆ, ಮುಖಕ್ಕೆ ನೇರ ಬಡಿಯುತ್ತದೆ. ಹೊಳೆ, ಕೆರೆ, ಜಲಪಾತದ ಗುಂಡಿಗಳಿಗೆ ನಾನು ಡೈಲಿ ಲೆನ್ಸನ್ನೂ ಒಪ್ಪುವುದಿಲ್ಲ. ಪೂಲಿಗೆ ಹೇಳಿದ ರಿಯಾಯಿತಿ ಇಲ್ಲಿಗಿಲ್ಲ.

ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗಿಗೆ ಹೋಗುವವರು ಮೊದಲೇ ಫೋನ್ ಮಾಡಿ ಪವರ್ ಇರುವ ಮಾಸ್ಕ್ ಇದೆಯಾ ಕೇಳಿ. ಮಾಸ್ಕ್ ಹಾಕಿದಾಗ ನೀರಿನೊಳಗಿನ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ತುಸು ಹತ್ತಿರವೂ ಆಗಿ ಕಾಣುತ್ತವೆ. ಹಾಗಾಗಿ ಸಣ್ಣ ಪವರಿನವರಿಗೆ ಸಾದಾ ಮಾಸ್ಕೇ ಸಾಕಾಗಬಹುದು. ಇಲ್ಲಿ ಗಟ್ಟಿ ಲೆನ್ಸ್ ಖಂಡಿತ ಬೇಡ, ಮೇಲೆ ಬರುವಾಗ ಲೆನ್ಸ್ ಅಡಿಯಲ್ಲಿ ಗಾಳಿ ಗುಳ್ಳೆ ಸಿಕ್ಕಿಕೊಳ್ಳಬಹುದು. ಸಾಫ್ಟ್ ಡೈಲಿ ಹಾಕಿದ್ದರೆ ಕಲಿಸುವವರಿಗೆ ಮೊದಲೇ ಹೇಳಿ. ಯಾಕೆಂದರೆ ಮಾಸ್ಕಿನೊಳಗೆ ನೀರು ತುಂಬಿಸಿ ಹೊರಹಾಕುವ ಅಭ್ಯಾಸ ಡೈವಿಂಗ್ ಪಾಠದಲ್ಲಿ ಇದ್ದೇ ಇರುತ್ತದೆ. ಆಗ ಕಣ್ಣು ಮುಚ್ಚಿಕೊಂಡಿರಬೇಕು.

ಹೋಳಿ ದಿನ ಲೆನ್ಸ್ ಬೇಡ. ಬಾಗಲಕೋಟೆಯಂಥ ಕಡೆ ದಿನಗಟ್ಟಲೆ ಬಣ್ಣ ಆಡುತ್ತಾರೆ. ಬಣ್ಣ ಲೆನ್ಸಿನ ಅಡಿ ಸೇರಿದರೆ ಕಣ್ಣೀರು ಅದನ್ನು ತೊಳೆದು ಹಾಕಲಾರದು.

ಮಳೆಯಲ್ಲಿ ಬೈಕ್ ಓಡಿಸುವವರಿಗೆ ಮಾತ್ರ ನನ್ನ ಮಾತು ಸ್ವಲ್ಪ ಮೆತ್ತಗೆ. ಕನ್ನಡಕದ ಮೇಲೆ ಹನಿ, ಒಳಗೆ ಮಂಜು, ಎದುರಿಗೆ ಲಾರಿಯ ಲೈಟು. ಇದು ಲೆನ್ಸಿಗಿಂತ ದೊಡ್ಡ ಅಪಾಯ. ವೈಸರ್ ಇಳಿಸಿ ಲೆನ್ಸ್‌ನಲ್ಲೇ ಹೋಗಿ. ಒಂದೆರಡು ಹನಿ ಸಿಡಿದರೆ ಗಾಬರಿ ಬೇಡ. ಮನೆಗೆ ಹೋಗಿ ಕೈ ತೊಳೆದು ಒಣಗಿಸಿ ಲೆನ್ಸ್ ತೆಗೆಯಿರಿ, ಡೈಲಿ ಆದರೆ ಎಸೆಯಿರಿ.

ಪೂಲಿಗಿಂತ ಬಚ್ಚಲಮನೆ

ಈಜಲು ಬಾರದವರು ಇಲ್ಲಿಯವರೆಗೆ ಓದಿ ನಮಗೇನು ಅಂದುಕೊಂಡಿದ್ದರೆ ಇದು ನಿಮಗಾಗಿ. ಪೂಲಿಗೆ ಹೋಗುವುದು ಅಪರೂಪ, ಬಚ್ಚಲಿಗೆ ಹೋಗುವುದು ದಿನಾ ಅಲ್ವಾ? ಬ್ರಿಟನ್ನಿನಲ್ಲಿ ಅಕಾಂತಮೀಬಾ ಸೋಂಕು ಬೇರೆ ದೇಶಗಳಿಗಿಂತ ಹೆಚ್ಚಿರಲು ಒಂದು ಕಾರಣ ಅಲ್ಲಿನ ಮನೆಗಳ ಅಟ್ಟದ ಮೇಲಿನ ನೀರಿನ ಟ್ಯಾಂಕು ಎಂದು ಸಂಶೋಧಕರು ತೋರಿಸಿದ್ದಾರೆ. ನಿಂತ ನೀರಿನ ತಳದ ಪಾಚಿಯಲ್ಲಿ ಅಮೀಬಾ ಬೆಳೆದು ನಲ್ಲಿಗೆ ಇಳಿಯುತ್ತದೆ. ಈಗ ನಮ್ಮ ಮನೆಗಳನ್ನು ನೋಡಿ. ಕಾವೇರಿ ನೀರೋ ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಮೊದಲು ಸಂಪಿಗೆ, ಅಲ್ಲಿಂದ ಮೋಟಾರಿನಲ್ಲಿ ಮಹಡಿ ಮೇಲಿನ ಟ್ಯಾಂಕಿಗೆ, ಅಲ್ಲಿಂದ ನಲ್ಲಿಗೆ. ಸಂಪು ಕೊನೆಯ ಸಲ ತೊಳೆಸಿದ್ದು ಯಾವಾಗ ಅಂತ ಮನೆಯಲ್ಲಿ ಕೇಳಿ ನೋಡಿ.

ಹಾಗಾಗಿ ಸ್ನಾನ ಮೊದಲು, ಲೆನ್ಸ್ ಆಮೇಲೆ. ಮುಖ ತೊಳೆಯುವುದೂ ಮೊದಲೇ. ಸಂಜೆ ಆಫೀಸಿಂದ ಬಂದವರು ಲೆನ್ಸ್ ತೆಗೆದು ಆಮೇಲೆ ಮುಖಕ್ಕೆ ನೀರು ಹಾಕಿ. ಹಬ್ಬದ ಎಣ್ಣೆಸ್ನಾನದ ದಿನ ಸಂಜೆವರೆಗೆ ಕನ್ನಡಕವೇ ಇರಲಿ, ರೆಪ್ಪೆಯಲ್ಲಿ ಉಳಿದ ಎಣ್ಣೆ ಲೆನ್ಸಿಗೆ ಮೆತ್ತುತ್ತದೆ.

ಕೈ ತೊಳೆದ ಮೇಲೆ ಒಣಗಿಸುವುದನ್ನು ಬಿಡುವವರು ಬಹಳ. ಒದ್ದೆ ಬೆರಳಿನಲ್ಲಿ ಲೆನ್ಸ್ ಮುಟ್ಟಿದರೆ ನಲ್ಲಿ ನೀರನ್ನು ಕಣ್ಣಿಗೆ ಬಿಟ್ಟ ಹಾಗೇ ಆಯಿತು. ನಾರು ಬಿಡದ ಬಟ್ಟೆ ಅಥವಾ ಟಿಶ್ಯೂ ಇಟ್ಟುಕೊಳ್ಳಿ.

ಇನ್ನು ಲೆನ್ಸ್ ಇಡುವ ದ್ರವ. ನಮ್ಮಲ್ಲಿ ಹೆಚ್ಚು ಓಡುವುದು ಮಲ್ಟಿಪರ್ಪಸ್ ಸೊಲ್ಯೂಷನ್. ಸುಲಭ, ಆದರೆ ಲೆನ್ಸನ್ನು ಅಂಗೈಯಲ್ಲಿಟ್ಟು ಬೆರಳಿನಿಂದ ಉಜ್ಜಿ, ಹೊಸ ದ್ರವದಲ್ಲಿ ತೊಳೆದು ಇಟ್ಟರೆ ಮಾತ್ರ ಪೂರ್ತಿ ಕೆಲಸ ಮಾಡುತ್ತದೆ. ಶೇಕಡ 3ರ ಹೈಡ್ರೋಜನ್ ಪೆರಾಕ್ಸೈಡ್ ಇರುವ ದ್ರವ ಸೂಕ್ಷ್ಮಾಣುಗಳ ಮೇಲೆ ಇನ್ನೂ ಬಲವಾಗಿದೆ. ಅದಕ್ಕೇ ಬರುವ ವಿಶೇಷ ಕೇಸಿನಲ್ಲಿ ಕಡೇಪಕ್ಷ 6 ಗಂಟೆ ಇಡಬೇಕು, ಅಷ್ಟರೊಳಗೆ ಅದು ಸಾದಾ ಸಲೈನ್ ಆಗುತ್ತದೆ. ಅರ್ಧಕ್ಕೆ ತೆಗೆದು ಕಣ್ಣಿಗೆ ಹಾಕಿದರೆ ಉರಿ ತಡೆಯಲಾಗದು. ಅವಸರದವರಿಗೆ, ಹಾಸ್ಟೆಲಿನ ಹುಡುಗರಿಗೆ ಮಲ್ಟಿಪರ್ಪಸ್ಸೇ ವಾಸಿ. ಶಿಸ್ತಿನವರಿಗೆ ಪೆರಾಕ್ಸೈಡ್. ಎರಡರಲ್ಲೂ ನಿನ್ನೆಯ ದ್ರವಕ್ಕೆ ಇವತ್ತಿನದನ್ನು ಸೇರಿಸುವ ಹಾಗಿಲ್ಲ, ಚೆಲ್ಲಿ ಹೊಸದು ಹಾಕಬೇಕು.

ದ್ರವ ಖಾಲಿಯಾದ ರಾತ್ರಿ ಜನ ಏನೇನೋ ಮಾಡುತ್ತಾರೆ. ಬಿಸ್ಲೇರಿ ನೀರು, ಆರ್‌ಒ ನೀರು, ಕುದಿಸಿ ಆರಿಸಿದ ನೀರು, ಪನ್ನೀರು, ಎಂಜಲು ಕೂಡ. ಕುಡಿಯಲು ಯೋಗ್ಯ ಅಂದರೆ ಲೆನ್ಸಿಗೆ ಯೋಗ್ಯ ಅಂತಲ್ಲ. ಹೊಟ್ಟೆ ತಡೆಯುವುದನ್ನು ಕಾರ್ನಿಯಾ ತಡೆಯುವುದಿಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಡಿಸ್ಟಿಲ್ಡ್ ವಾಟರಿಗೆ ಉಪ್ಪಿನ ಮಾತ್ರೆ ಹಾಕಿ ಮನೆಯಲ್ಲೇ ಸಲೈನ್ ಮಾಡಿಕೊಳ್ಳುತ್ತಿದ್ದರು. ಆಗಲೇ ಅಲ್ಲಿ ಅಕಾಂತಮೀಬಾ ಪ್ರಕರಣಗಳು ಒಮ್ಮೆಲೇ ಏರಿದವು. ಕಂಪನಿಯ ದ್ರವವೂ ಯಾವಾಗಲೂ ಪಕ್ಕಾ ಅನ್ನುವಂತಿಲ್ಲ. 2007ರಲ್ಲಿ ಇದೇ ಸೋಂಕಿನ ಕಾರಣಕ್ಕೆ ಅಡ್ವಾನ್ಸ್‌ಡ್ ಮೆಡಿಕಲ್ ಆಪ್ಟಿಕ್ಸ್ ಕಂಪನಿ ತನ್ನ ಒಂದು ಮಲ್ಟಿಪರ್ಪಸ್ ದ್ರವವನ್ನು ಮಾರುಕಟ್ಟೆಯಿಂದ ಹಿಂದೆ ತೆಗೆದುಕೊಂಡಿತ್ತು. ದ್ರವ ಇಲ್ಲವೇ? ಲೆನ್ಸ್ ಎಸೆದು ಕನ್ನಡಕ ಹಾಕಿ. ಒಂದು ಜೊತೆ ಸಾಫ್ಟ್ ಲೆನ್ಸಿನ ಬೆಲೆ ಸೋಂಕಿನ ಚಿಕಿತ್ಸೆಯ ಖರ್ಚಿಗಿಂತ ಜಾಸ್ತಿ ಇರುವುದಿಲ್ಲ.

ಕೇಸನ್ನು ನಲ್ಲಿಯಡಿ ಹಿಡಿಯಬೇಡಿ. ಸೊಲ್ಯೂಷನ್‌ನಲ್ಲೇ ತೊಳೆದು, ಟಿಶ್ಯೂನಿಂದ ಒರೆಸಿ, ಬೋರಲು ಹಾಕಿ ಒಣಗಿಸಿ. ಇಡುವ ಜಾಗ ಬಚ್ಚಲಿನ ಕನ್ನಡಿ ಕೆಳಗಿನ ಶೆಲ್ಫ್ ಆಗದಿರಲಿ. ಹೆಚ್ಚೆಂದರೆ ಮೂರು ತಿಂಗಳಿಗೆ ಕೇಸ್ ಬದಲಾಯಿಸಿ.

ಆದರೂ ನೀರು ಹೋಯಿತು, ಕಣ್ಣು ಕೆಂಪಾಯಿತು

ಈಜಿದ ಸಂಜೆ ಎರಡೂ ಕಣ್ಣು ಸ್ವಲ್ಪ ಕೆಂಪಾಗಿ ಬೆಳಗ್ಗೆ ಹೊತ್ತಿಗೆ ಇಳಿದರೆ ಅದು ಬಹುಮಟ್ಟಿಗೆ ಪೂಲಿನ ಕ್ಲೋರಿನ್ ಕೆಲಸ. ಒಂದೇ ಕಣ್ಣು ಕೆಂಪಾಗಿ, ನೋವು ಏರುತ್ತಾ, ಬೆಳಕು ನೋಡಲಾಗದೆ, ನೀರು ಸುರಿಯುತ್ತಾ, ನೋಟ ಮಬ್ಬಾಗುತ್ತಾ ಹೋದರೆ ಕಾಯಬೇಡಿ, ಅವತ್ತೇ ತೋರಿಸಿ. ಕಣ್ಣಿನಲ್ಲಿ ಕಾಣುವುದಕ್ಕಿಂತ ನೋವು ಬಹಳ ಜಾಸ್ತಿ ಇರುವುದು ಅಕಾಂತಮೀಬಾದ ಒಂದು ಗುರುತು. ಆದರೆ ಕೆಲವರಿಗೆ ಶುರುವಿನಲ್ಲಿ ನೋವೇ ಇರುವುದಿಲ್ಲ.

ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತರುವ ಅಭ್ಯಾಸ ಇಲ್ಲಿ ಕೆಟ್ಟದ್ದು ಮಾಡುತ್ತದೆ. ಸ್ಟೆರಾಯ್ಡ್ ಇರುವ ಡ್ರಾಪ್ಸ್ ಹಾಕಿದರೆ ಕೆಂಪು ಇಳಿಯುತ್ತದೆ, ನೋವು ತಗ್ಗುತ್ತದೆ, ಒಳಗೆ ಸೋಂಕು ಮುಂದುವರಿಯುತ್ತದೆ. ಅಕಾಂತಮೀಬಾ ಸೋಂಕನ್ನು ಮೊದಲಿಗೆ ಹರ್ಪಿಸ್ ವೈರಸ್ ಸೋಂಕು ಅಂದುಕೊಂಡು ವಾರಗಟ್ಟಲೆ ಬೇರೆ ಔಷಧಿ ನಡೆಯುವುದೂ ಉಂಟು. ಹಾಗಾಗಿ ಕಾರ್ನಿಯಾ ವಿಭಾಗ ಇರುವ ಆಸ್ಪತ್ರೆಗೇ ಹೋಗಿ. ಬೆಂಗಳೂರಿನ ಸುತ್ತಮುತ್ತಲಿನವರಿಗೆ ಸರ್ಕಾರಿ ಮಿಂಟೋ ಇದೆ. ಜಿಲ್ಲೆಗಳಲ್ಲಿ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗ ನೋಡಿ.

ಡಾಕ್ಟರ್ ಕೇಳುವ ಮೊದಲೇ ಎರಡು ಮಾತು ಹೇಳಿ: ಲೆನ್ಸ್ ಹಾಕ್ತೀನಿ, ಇಂಥ ದಿನ ಇಂಥ ನೀರಲ್ಲಿ ಇಳಿದಿದ್ದೆ. ಲೆನ್ಸ್ ಹಾಕಿದ್ದು ಮನೆಯಲ್ಲಿ ಗೊತ್ತಿಲ್ಲದ ಕಾಲೇಜು ಮಕ್ಕಳು ಇದನ್ನು ಮುಚ್ಚಿಡುತ್ತಾರೆ, ಅಲ್ಲೇ ದಿನಗಳು ಹೋಗುತ್ತವೆ. ಲೆನ್ಸ್ ತೆಗೆದಿರಿ, ಆದರೆ ಎಸೆಯಬೇಡಿ. ಲೆನ್ಸ್, ಕೇಸು, ಅರ್ಧ ಉಳಿದ ಸೊಲ್ಯೂಷನ್ ಬಾಟಲಿ, ಮೂರನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ. ಕಣ್ಣಿನಿಂದ ತೆಗೆದ ಸ್ಯಾಂಪಲ್ಲಿನಲ್ಲಿ ಏನೂ ಸಿಗದಿದ್ದಾಗ, ಲ್ಯಾಬಿನವರಿಗೆ ಎಷ್ಟೋ ಸಲ ಸುಳಿವು ಸಿಗುವುದು ಆ ಕೇಸಿನಲ್ಲೇ.